ಫ್ಯಾಟಿ ಲಿವರ್‌ಗೆ ಗಿಡಮೂಲಿಕೆ ಕ್ಯಾಪ್ಸೂಲ್ ಕೊಳ್ಳುವ ಮುನ್ನ

ಶಿರಸಿಯ ನನ್ನ ಔಷಧಿ ಅಂಗಡಿಗೆ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬರುವವರು ಬಹಳ. “ಗ್ರೇಡ್ ಒಂದು ಫ್ಯಾಟಿ ಲಿವರ್ ಅಂದ್ರು. ಗಿಡಮೂಲಿಕೆದು ಎಂತಾರೂ ಕೊಡಿ, ಅದಾದ್ರೆ ತೊಂದ್ರೆ ಇಲ್ವಲ್ಲ” ಅಂತ ಕೇಳುತ್ತಾರೆ. ತೊಂದರೆ ಇಲ್ಲವೆಂಬ ಆ ನಂಬಿಕೆಯೇ ನನಗೆ ಚಿಂತೆ. ಅಡುಗೆಮನೆಯ ಎಲೆ, ಬೇರು ಬೇರೆ. ಅದರ ಸಾರ ತೆಗೆದು ತುಂಬಿದ ಕ್ಯಾಪ್ಸೂಲ್ ಬೇರೆ.

ಮೊದಲು ರಕ್ತ ಪರೀಕ್ಷೆ ಮಾಡಿಸಿ: ಎಸ್‌ಜಿಒಟಿ, ಎಸ್‌ಜಿಪಿಟಿ (ಇವೆರಡೂ ಲಿವರ್ ಎನ್‌ಝೈಮ್‌ಗಳು), ಪ್ಲೇಟ್‌ಲೆಟ್, ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ ಕೂಡ. ಇವಿಷ್ಟು ಕೈಯಲ್ಲಿದ್ದರೆ ಲಿವರ್ ಎಷ್ಟು ಕಲೆಗಟ್ಟಿರಬಹುದೆಂದು ಅಂದಾಜಿಸುವ ಫಿಬ್-4 ಲೆಕ್ಕ ನೀವೇ ಹಾಕಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ (ಸಾವಿರದ ಲೆಕ್ಕದಲ್ಲಿ) ಗುಣಿಸಿ, ಬಂದದ್ದರಿಂದ ಮೊದಲನೆಯದನ್ನು ಭಾಗಿಸಿ. ವಯಸ್ಸು 50, ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಎರಡೂವರೆ ಲಕ್ಷ, ಅಂದರೆ 250 ಎಂದಿಟ್ಟುಕೊಳ್ಳಿ: 2000 ಭಾಗಿಸು 2000, ಉತ್ತರ 1. 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಗಟ್ಟಿಯಾಗಿ ಕಲೆಗಟ್ಟಿರುವ ಸಂಭವ ಕಡಿಮೆ. 65 ದಾಟಿದವರಿಗೆ ಈ ಗಡಿ 2. ಹೆಚ್ಚು ಬಂದರೆ ಕ್ಯಾಪ್ಸೂಲ್ ಮಾತು ಬಿಟ್ಟು ವೈದ್ಯರಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬಗ್ಗೆ ಕೇಳಿ.

ಇನ್ನು ಒಂದೊಂದೇ ಮೂಲಿಕೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಬಹುಪಾಲು ಕರ್ಕ್ಯುಮಿನ್ನೇ ಇರುವ 500 ಮಿಲಿಗ್ರಾಂನ ಒಂದು ಸಾರದ ಕ್ಯಾಪ್ಸೂಲ್ ನುಂಗಿದರೆ ಹೆಚ್ಚುಕಡಿಮೆ 15 ಗ್ರಾಂ ಅರಿಶಿನ ಪುಡಿಯ ಕರ್ಕ್ಯುಮಿನ್ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಯಾವ ಸಾರಿಗೆ ನಾವು ಅಷ್ಟು ಹಾಕುತ್ತೇವೆ? ಮೇಲಿಂದ ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಪೈಪರಿನ್ ಜೊತೆಗೆ ಕೊಟ್ಟಾಗ ಮನುಷ್ಯರ ಮೈ ಕರ್ಕ್ಯುಮಿನ್ ಹೀರಿಕೊಳ್ಳುವುದು ಸುಮಾರು 20 ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಫ್ಯಾಟಿ ಲಿವರ್‌ನಲ್ಲಿ ಕರ್ಕ್ಯುಮಿನ್‌ನಿಂದ ಎಸ್‌ಜಿಪಿಟಿ ಸ್ವಲ್ಪ ಇಳಿದದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ ನಿಜ. ಇದೇ ಕ್ಯಾಪ್ಸೂಲ್‌ಗಳಿಂದ ಲಿವರ್ ಊದಿಕೊಂಡವರೂ ಇದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಉಪ್ಪಾಗೆ ಎಂಬ ಹುಳಿ ಹಣ್ಣು ನಮ್ಮ ಘಟ್ಟದ್ದೇ. ಮಳೆಗಾಲದಲ್ಲಿ ಕೊಯ್ದು, ಸಿಪ್ಪೆ ಒಣಗಿಸಿ ಮಾರುವ ಕುಟುಂಬಗಳು ಇಲ್ಲಿ ಎಷ್ಟೋ. ಅದೇ ಸಿಪ್ಪೆಯ ಸಾರ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಬರುತ್ತದೆ. ಅಡುಗೆಯ ಹುಳಿಗೆ ಉಪ್ಪಾಗೆ ಹಾಕಿ, ಸಂತೋಷ. ಫ್ಯಾಟಿ ಲಿವರ್ ಇದ್ದವರಿಗೆ ಆ ಮಾತ್ರೆಯನ್ನು ನಾನು ಕೊಡುವುದಿಲ್ಲ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಗ್ರೀನ್ ಟೀ ಕುಡಿಯಬಹುದು, ಅದರ ಸಾರದ ಮಾತ್ರೆ ಬೇಡ. ಗ್ರೀನ್ ಟೀಯ ಮುಖ್ಯ ಸತ್ವವಾದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ದಾಟಿದರೆ ಲಿವರ್ ಎನ್‌ಝೈಮ್ ಏರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ.

ನೆಲನೆಲ್ಲಿ ಕಾಮಾಲೆಯ ಮದ್ದೆಂದು ಮನೆಮನೆಯಲ್ಲಿ ಹೆಸರುವಾಸಿ, ಆದರೆ ಕಾಮಾಲೆಯೂ ಲಿವರ್‌ನಲ್ಲಿ ಕೊಬ್ಬು ಕೂಡುವುದೂ ಒಂದೇ ಅಲ್ಲ. ಅಮೃತಬಳ್ಳಿಯನ್ನು ಕೊರೊನಾ ಕಾಲದಲ್ಲಿ ದಿನವೂ ಕುಡಿದು ಲಿವರ್ ಉರಿಯೂತವಾದವರ ವರದಿ ಮುಂಬೈಯಿಂದ ಬಂತು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ, ನೋಡಲು ಅದರಂತೆಯೇ ಇರುವ ಬೇರೆ ಬಳ್ಳಿಯ ಸಾಧ್ಯತೆ ಹೇಳಿತು. ಬೇಲಿಯಿಂದ ಕಿತ್ತದ್ದು ಯಾವ ಬಳ್ಳಿ ಎಂದು ಗುರುತಿಸಲು ಬಾರದಿದ್ದರೆ ಬಿಟ್ಟುಬಿಡಿ.

ಉಳಿದದ್ದು ಸಿಲಿಮರಿನ್, ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದ ಸಾರ. ಇಲ್ಲಿ ಹೆಚ್ಚಾಗಿ 140 ಮಿಲಿಗ್ರಾಂ ಮಾತ್ರೆಯಾಗಿ ಸಿಗುತ್ತದೆ. ಎನ್‌ಝೈಮ್ ತುಸು ಇಳಿಸೀತು, ಹೆಚ್ಚಿನವರಿಗೆ ಒಗ್ಗುತ್ತದೆ; ಕಲೆಗಟ್ಟಿದ ಲಿವರ್ ಅದರಿಂದ ಸರಿಯಾಗುತ್ತದೆಂದು ಸಾಬೀತಾಗಿಲ್ಲ. ವೈದ್ಯರು ಒಪ್ಪಿದರೆ ತಗೊಳ್ಳಿ.

ಡಬ್ಬಿ ತಿರುಗಿಸಿ ನೋಡಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದ್ದರೆ ಅದು ಆಹಾರ ಪೂರಕ. ‘ಔಷಧಿಯಾಗಿ ಬಳಸುವುದಕ್ಕಲ್ಲ’ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಹತ್ತಾರು ಮೂಲಿಕೆಗಳ ಹೆಸರು ಬರೆದು ಪ್ರಮಾಣ ಬರೆಯದ ಡಬ್ಬಿ ವಾಪಸ್ ಇಡಿ. ಒಂದು ಸಲಕ್ಕೆ ಒಂದೇ ಪೂರಕ ಶುರುಮಾಡಿ, ತಿಂಗಳಾದ ಮೇಲೆ ಎಸ್‌ಜಿಪಿಟಿ ಮತ್ತೆ ನೋಡಿಸಿ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ, ಊಟ ಸೇರದಿದ್ದರೆ, ಕಣ್ಣು ಹಳದಿಯಾದರೆ ಆ ದಿನವೇ ನಿಲ್ಲಿಸಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

ಕೊಬ್ಬು ಖಂಡಿತ ಇಳಿಯುವುದು ತೂಕದ ಜೊತೆಗೆ. 80 ಕಿಲೋ ಇದ್ದವರು 4 ಕಿಲೋ ಇಳಿಸಿದರೆ ಲಿವರ್ ಕೊಬ್ಬು ಕರಗತೊಡಗುತ್ತದೆ. 6ರಿಂದ 8 ಕಿಲೋ ಇಳಿದರೆ ಉರಿಯೂತವೂ ತಗ್ಗುತ್ತದೆ. ಸಸ್ಯಮೂಲದ್ದೇ ಬೇಕೆಂದರೆ ಸಕ್ಕರೆ ಹಾಕದ ಕಾಫಿ ಕುಡಿಯಿರಿ, ದಿನಕ್ಕೆ ಎರಡು ಮೂರು ಲೋಟ. ಕಾಫಿ ಕುಡಿಯುವವರಲ್ಲಿ ಲಿವರ್ ಕಲೆಗಟ್ಟುವುದು ಕಡಿಮೆ ಎಂದು ಹಲವು ದೇಶಗಳಲ್ಲಿ ಕಂಡುಬಂದಿದೆ, ಅದಕ್ಕೆ ನನ್ನ ಅಂಗಡಿಗೆ ಬರಬೇಕಿಲ್ಲ.