ಸೇನೆ ಹೊರಡಬೇಕೇ, ಇರಬೇಕೇ: ಚರ್ಚೆಗೆ ತಂಡ ಕಟ್ಟುವ ನನ್ನ ಕ್ರಮ

ವಿದೇಶಿ ಸೇನೆ ವಾಪಸಾತಿಯ ಬಗ್ಗೆ ಚರ್ಚಾಸ್ಪರ್ಧೆ ಇಟ್ಟರೆ ಬಹುಪಾಲು ತಂಡಗಳು ಮೊದಲ ಎರಡು ನಿಮಿಷವನ್ನು ದಾಳಿ ಸರಿಯೋ ತಪ್ಪೋ ಎಂಬುದಕ್ಕೇ ಸುರಿಯುತ್ತವೆ. ನಾಲ್ಕು ನಿಮಿಷದ ಮಾತಿನಲ್ಲಿ ಅರ್ಧ ಅಲ್ಲೇ ಹೋಯಿತು. ಕೇಳಿದ ಪ್ರಶ್ನೆ ಬೇರೆ: ಬಂದು ಕೂತಿರುವ ಸೇನೆ ಈಗ ಹೋಗಬೇಕೇ, ಹೋಗುವುದಾದರೆ ಯಾವಾಗ, ಯಾವ ಕ್ರಮದಲ್ಲಿ, ಏನನ್ನು ಬಿಟ್ಟು?

ಈ ಜಾರುವಿಕೆಗೆ ಒಂದು ಕಾರಣ ನಮ್ಮ ಪದಗಳಲ್ಲೇ ಇದೆ. ‘ಆಕ್ರಮಣ’ ಅಂದರೆ ದಾಳಿ, ‘ಆಕ್ರಮಿತ’ ಅಂದರೆ ವಶದಲ್ಲಿರುವ ನೆಲ. ಒಂದೇ ಬೇರಿನ ಪದಗಳಾದ್ದರಿಂದ ಆಕ್ರಮಣ ನಡೆದದ್ದನ್ನು ಸಾಬೀತು ಮಾಡಿದವರು ದೇಶ ಇಂದಿಗೂ ಆಕ್ರಮಿತ ಎಂದು ಸಾಬೀತಾಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ಅಭ್ಯಾಸದ ಮೊದಲ ದಿನವೇ ಮೂರು ಪದ ಗೊತ್ತುಮಾಡುತ್ತೇನೆ: ಒಳನುಗ್ಗಿದ್ದಕ್ಕೆ ‘ದಾಳಿ’, ಆಡಳಿತ ಕೈಗೆ ತೆಗೆದುಕೊಂಡದ್ದಕ್ಕೆ ‘ವಶ’, ಸ್ಥಳೀಯ ಸರ್ಕಾರದ ಒಪ್ಪಿಗೆ ಇದೆ ಎಂದು ಹೇಳಿಕೊಂಡು ಉಳಿದಿರುವುದಕ್ಕೆ ‘ಇರವು’. ಚರ್ಚೆ ಮುಗಿಯುವ ತನಕ ಇವು ಅದಲು ಬದಲಾಗಬಾರದು. 2003ರ ಏಪ್ರಿಲ್ 8ರಂದು ನಮ್ಮ ಲೋಕಸಭೆ ಇರಾಕ್ ಮೇಲಿನ ದಾಳಿಯ ಬಗ್ಗೆ ನಿರ್ಣಯ ಮಾಡಿ, ಅಮೆರಿಕ ನೇತೃತ್ವದ ಮಿತ್ರಪಡೆಗಳು ಹಿಂದೆ ಸರಿಯಬೇಕೆಂದು ಕೇಳಿತು. ಅದರಲ್ಲಿದ್ದ ಹಿಂದಿ ಪದ ‘ನಿಂದಾ’. ಕನ್ನಡದಲ್ಲಿ ನಿಂದನೆ ಎಂದರೆ ಬೈಗುಳ, ಖಂಡನೆ ಎಂದರೆ ವಿರೋಧದ ಘೋಷಣೆ. ಈ ನಿರ್ಣಯ ಉಲ್ಲೇಖಿಸುವವರು ‘ಭಾರತ ನಿಂದಿಸಿತು’ ಎಂದರೆ ಕೇಳುವವರಿಗೆ ಬೇರೆಯೇ ಅರ್ಥ ಹೋಗುತ್ತದೆ.

ಅಭ್ಯಾಸಕ್ಕೆ ನಾನು ಇಡುವುದು ಇರಾಕ್. ವಿಷಯದ ವಾಕ್ಯದಲ್ಲಿ ಗಡುವು ಇರಲೇಬೇಕು: ‘ಇರಾಕಿನಲ್ಲಿರುವ ಅಮೆರಿಕದ ಯುದ್ಧಪಡೆಗಳು 2008ರ ಮಾರ್ಚ್ 31ರೊಳಗೆ ಹೊರಡಬೇಕು.’ ಚರ್ಚೆ ನಡೆಯುತ್ತಿರುವ ದಿನ 2007ರ ಫೆಬ್ರುವರಿ 1 ಎಂದೂ ಹೇಳಿಬಿಡುತ್ತೇನೆ. ಆ ದಿನದ ನಂತರದ ಒಂದು ಮಾತನ್ನೂ ಯಾರೂ ತರುವಂತಿಲ್ಲ. ಈ ದಿನವನ್ನೇ ಆರಿಸಿದ್ದಕ್ಕೆ ಕಾರಣವಿದೆ. 2006ರ ಡಿಸೆಂಬರ್ 6ಕ್ಕೆ ಅಮೆರಿಕದ ಇರಾಕ್ ನೀತಿಯನ್ನು ಪರಿಶೀಲಿಸಿದ ಬೇಕರ್–ಹ್ಯಾಮಿಲ್ಟನ್ ಸಮಿತಿ 79 ಶಿಫಾರಸುಗಳ ವರದಿ ಕೊಟ್ಟು, ಭದ್ರತೆ ಹದಗೆಡದಿದ್ದರೆ 2008ರ ಮೊದಲ ಮೂರು ತಿಂಗಳ ಹೊತ್ತಿಗೆ ಯುದ್ಧದಳಗಳು ಹೊರಬರಬಹುದು ಎಂದಿತ್ತು. ಜನವರಿ 10ಕ್ಕೆ ಬುಷ್ ಅದಕ್ಕೆ ತದ್ವಿರುದ್ಧವಾಗಿ 20,000ಕ್ಕೂ ಹೆಚ್ಚು ಸೈನಿಕರನ್ನು ಹೊಸದಾಗಿ ಕಳಿಸುವುದಾಗಿ ಹೇಳಿದರು. ಜನವರಿ 30ಕ್ಕೆ ಸೆನೆಟರ್ ಒಬಾಮ ಮಂಡಿಸಿದ ಮಸೂದೆಯಲ್ಲಿ ಇದ್ದದ್ದು ಇದೇ ಮಾರ್ಚ್ 31ರ ಗಡುವು. ಎರಡೂ ಕಡೆಗೆ ನಿಜವಾದ ಯೋಜನೆ ಕೈಯಲ್ಲಿರುವ ದಿನ ಇದು. ದಿನ ಕಟ್ಟದಿದ್ದರೆ ಸೇನೆ ಇರಲಿ ಎನ್ನುವ ವಿರೋಧಿ ತಂಡ ‘ಕೊನೆಗೆ ಏನಾಯಿತು ನೋಡಿ’ ಎಂದು ಗೆದ್ದುಬಿಡುತ್ತದೆ. ನಿರ್ಧಾರ ಮಾಡುವವರ ಕೈಯಲ್ಲಿ ಆ ಹೊತ್ತಿಗೆ ಏನಿತ್ತು ಎಂಬುದನ್ನು ಯಾರೂ ಕಲಿಯುವುದಿಲ್ಲ.

ಒಬ್ಬೊಬ್ಬರಿಗೆ 12 ಚೀಟಿ. ಪ್ರತಿ ಚೀಟಿಯ ಮೇಲೆ ದಿನಾಂಕ, ಒಂದೇ ಒಂದು ಸಂಗತಿ. ಹಿಂಬದಿಯಲ್ಲಿ ಎದುರಾಳಿ ಅದಕ್ಕೆ ಹೇಳಬಹುದಾದ ಅತಿ ಬಲವಾದ ಉತ್ತರ. ಹಿಂಬದಿ ಖಾಲಿ ಇರುವ ಚೀಟಿಯನ್ನು ವೇದಿಕೆಗೆ ಒಯ್ಯಲು ಬಿಡುವುದಿಲ್ಲ. ಒಂದು ಚೀಟಿ ಹೀಗಿರುತ್ತದೆ. ಮುಂದೆ: ‘8–6–2004, ಭದ್ರತಾ ಮಂಡಳಿ ನಿರ್ಣಯ 1546: ಜೂನ್ 30ರೊಳಗೆ ವಶ ಮುಗಿಯುತ್ತದೆ; ಇರಾಕ್ ಸರ್ಕಾರ ಕೇಳಿದರೆ ಬಹುರಾಷ್ಟ್ರೀಯ ಪಡೆಯ ಅಧಿಕಾರ ಕೊನೆಯಾಗುತ್ತದೆ.’ ಇದು ವಿರೋಧಿಗಳ ಮುಖ್ಯ ಅಸ್ತ್ರ. 2006ರ ನವೆಂಬರಿನ ನಿರ್ಣಯ 1723 ಆ ಅವಧಿಯನ್ನು 2007ರ ಕೊನೆಯವರೆಗೆ ವಿಸ್ತರಿಸಿತು, ಅದೂ ಚುನಾಯಿತ ಸರ್ಕಾರದ ಕೋರಿಕೆಯ ಮೇರೆಗೆ. ಹಿಂಬದಿ: ‘ಹೇಗ್ ನಿಯಮಾವಳಿ 1907, ವಿಧಿ 42: ನೆಲ ನಿಜವಾಗಿ ಯಾರ ಅಧಿಕಾರಕ್ಕೆ ಒಳಪಟ್ಟಿದೆ ಎಂಬುದೇ ಅಳತೆ. ವಶದ ಕಾಲದ ಅಮೆರಿಕನ್ ಆಡಳಿತಾಧಿಕಾರಿ ಬ್ರೆಮರ್ ಹೊರಡಿಸಿದ 17ನೇ ಆದೇಶ ಇನ್ನೂ ಜಾರಿಯಲ್ಲಿದೆ. ವಿದೇಶಿ ಸೈನಿಕರನ್ನು ಇರಾಕಿನ ನ್ಯಾಯಾಲಯ ವಿಚಾರಣೆ ಮಾಡುವಂತಿಲ್ಲ.’ ತನ್ನ ನೆಲದಲ್ಲಿ ಬಂದೂಕು ಹಿಡಿದವನನ್ನು ಕಟಕಟೆಗೆ ತರಲಾಗದ ಸರ್ಕಾರ ಕೊಟ್ಟ ಒಪ್ಪಿಗೆಗೆ ಎಷ್ಟು ತೂಕ? ಪರ ತಂಡದ ಕೈಲಿರುವ ಅತ್ಯುತ್ತಮ ಪ್ರಶ್ನೆ ಇದು. ನೀತಿಯ ಬಗ್ಗೆ ಹತ್ತು ವಾಕ್ಯ ಹೇಳುವುದಕ್ಕಿಂತ ಈ ಒಂದನ್ನು ನಿಧಾನವಾಗಿ ಕೇಳಬೇಕು.

ಪರ ತಂಡ ಎಡವುವುದು ‘ತಕ್ಷಣ’ ಎಂಬ ಪದದಲ್ಲಿ. ಆಗ ಇರಾಕಿನಲ್ಲಿದ್ದವರು ಸುಮಾರು 1,30,000 ಅಮೆರಿಕನ್ ಸೈನಿಕರು. ಭಾರಿ ಸಾಮಾನು ಹೋಗಬೇಕಾದ ಮುಖ್ಯ ದಾರಿ ದಕ್ಷಿಣದ ಮರುಭೂಮಿ ದಾಟಿ ಕುವೈತಿಗೆ. ಸಂಖ್ಯೆ ಇಳಿಯುತ್ತಾ ಹೋದಂತೆ ಕೊನೆಗೆ ಉಳಿದ ತುಕಡಿಯೇ ಹೆಚ್ಚು ಅಪಾಯದಲ್ಲಿರುತ್ತದೆ. ದುಭಾಷಿಗಳಾಗಿ ದುಡಿದ ಇರಾಕಿಗಳನ್ನು ಯಾರು ಕಾಯುತ್ತಾರೆ? ಮೊದಲು ಯಾವ ಪ್ರಾಂತ್ಯ ಖಾಲಿ ಮಾಡುತ್ತೀರಿ? ಇರಾಕ್ ಸೇನೆಗೆ ಇಂಧನ, ಬಿಡಿಭಾಗ, ಗಾಯಾಳು ಸಾಗಣೆ ಯಾರಿಂದ? ಪಾಟೀಸವಾಲಿನಲ್ಲಿ ಈ ಪ್ರಶ್ನೆಗಳು ಬಂದೇ ಬರುತ್ತವೆ. ಪರ ತಂಡದ ಮೂರನೇ ನಿಮಿಷ ಪೂರ್ತಿ ಈ ಕ್ರಮಕ್ಕೇ ಮೀಸಲು: ತಿಂಗಳಿಗೆ ಎಷ್ಟು ದಳ, ಎಲ್ಲಿಂದ ಶುರು, ತರಬೇತುದಾರರು ಎಷ್ಟು ದಿನ.

ವಿರೋಧಿ ತಂಡ ಎಡವುವುದು ‘ಸೇನೆ ಹೋದರೆ ಅಂತರ್ಯುದ್ಧ’ ಎಂಬಲ್ಲಿ. 2006ರ ಫೆಬ್ರುವರಿ 22ರಂದು ಶಿಯಾಗಳಿಗೆ ಪವಿತ್ರವಾದ, ಸಮಾರಾದ ಅಲ್-ಅಸ್ಕರಿ ಮಸೀದಿಯ ಗುಮ್ಮಟ ಸ್ಫೋಟವಾಗಿ ಶಿಯಾ–ಸುನ್ನಿ ಕೊಲೆಗಳು ಹತೋಟಿ ತಪ್ಪಿದ್ದು ಆ ಸೇನೆ ಅಲ್ಲೇ ಇದ್ದಾಗ. ಪರ ತಂಡಕ್ಕೆ ಇಷ್ಟು ಹೇಳಿದರೆ ಸಾಕು, ಎದುರಿನವರ ಕಟ್ಟಡ ಕುಸಿಯುತ್ತದೆ. ಅದರ ಬದಲು ವಿರೋಧಿಗಳು ಬಾಗ್ದಾದಿನ ಮಿಶ್ರ ಬಡಾವಣೆಗಳನ್ನು ಹಿಡಿದು ಮಾತಾಡಬೇಕು. ಕಾವಲು ತೆಗೆದ ಮೇಲೆ ಯಾವ ಬೀದಿ ಯಾರ ಕೈಗೆ ಹೋಗುತ್ತದೆ, ಆಂತರಿಕ ಸಚಿವಾಲಯದ ಪೊಲೀಸರನ್ನೇ ಜನ ನಂಬದಿರುವಾಗ ಆ ಬೀದಿಗೆ ಯಾರು ಬರುತ್ತಾರೆ, ಇದನ್ನು ತೋರಿಸಬೇಕು. ಜೊತೆಗೆ ಹೊಣೆಯ ವಾದವಿದೆ: 2003ರ ಮೇ 23ರಂದು ಒಂದೇ ಆದೇಶದಲ್ಲಿ ಇರಾಕಿನ ಸೇನೆ ವಿಸರ್ಜಿಸಿದವರು, ಹೊಸ ಸೇನೆ ಕಾಲ ಮೇಲೆ ನಿಲ್ಲುವ ಮೊದಲೇ ಹೊರಡುವಂತಿಲ್ಲ.

ಸಾವಿನ ಅಂಕಿಗಳ ಬಗ್ಗೆ ನಾನು ತುಂಬ ಕಟ್ಟುನಿಟ್ಟು. 2006ರಲ್ಲಿ 34,452 ನಾಗರಿಕರು ಹತರಾದರು ಎಂದು ವಿಶ್ವಸಂಸ್ಥೆಯ ಇರಾಕ್ ನೆರವು ಮಿಷನ್ 2007ರ ಜನವರಿಯಲ್ಲಿ ವರದಿ ಮಾಡಿತು. ಅದಕ್ಕೂ ಮುಂಚೆ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಅಧ್ಯಯನ 2003ರ ದಾಳಿಯಿಂದ 2006ರ ಜುಲೈವರೆಗೆ 6,54,965 ಹೆಚ್ಚುವರಿ ಸಾವು ಎಂದಿತ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಮೊದಲನೆಯದು ಆಸ್ಪತ್ರೆ, ಶವಾಗಾರಗಳಂಥ ಕಡೆಯಿಂದ ಕೂಡಿಸಿದ ಲೆಕ್ಕ. ಎರಡನೆಯದು ಮನೆ ಮನೆ ಸಮೀಕ್ಷೆಯಿಂದ ತೆಗೆದ ಅಂದಾಜು. ಅದರ ವ್ಯಾಪ್ತಿ ಸುಮಾರು 3.93 ಲಕ್ಷದಿಂದ 9.43 ಲಕ್ಷದವರೆಗೆ ಚಾಚಿದೆ. ಯಾವುದನ್ನು ಬಳಸಿದರೂ ಎಣಿಕೆಯೋ ಅಂದಾಜೋ ಎಂದು ಅದೇ ವಾಕ್ಯದಲ್ಲಿ ಹೇಳಬೇಕು. ಇವು ಸತ್ತವರ ಸಂಖ್ಯೆಗಳು. ಚಪ್ಪಾಳೆಗಾಗಿ ದೊಡ್ಡದನ್ನು ಆರಿಸುವುದು ನನಗೆ ಸಹ್ಯವಲ್ಲ.

ಕಾಲಮಿತಿ ಸರಳ. ಕನ್ನಡದಲ್ಲಿ ಸ್ಪಷ್ಟವಾಗಿ ಮಾತಾಡಿದರೆ ನಿಮಿಷಕ್ಕೆ 90ರಿಂದ 100 ಪದ. ನಾಲ್ಕು ನಿಮಿಷಕ್ಕೆ 360 ಪದ ಬರೆಸುತ್ತೇನೆ, ಮಿಕ್ಕದ್ದು ಎದುರಿನವರಿಗೆ ಉತ್ತರ ಕೊಡಲು.

ಶ್ರೀಲಂಕಾದ ಪ್ರಶ್ನೆಗೆ ಇಬ್ಬರೂ ಸಿದ್ಧರಿರಬೇಕು, ಏಕೆಂದರೆ ನಮ್ಮ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಶಾಂತಿಪಾಲನಾ ಪಡೆ ಹೋದದ್ದು 1987ರ ಜುಲೈ 29ರ ಒಪ್ಪಂದದ ಮೇಲೆ. 1989ರ ಜೂನಿನಲ್ಲಿ ಅಧ್ಯಕ್ಷ ಪ್ರೇಮದಾಸ ಜುಲೈ ಕೊನೆಯೊಳಗೆ ಹೊರಡಿ ಎಂದರು. ಕೊನೆಯ ತುಕಡಿ ಹಡಗು ಹತ್ತಿದ್ದು 1990ರ ಮಾರ್ಚ್ 24ಕ್ಕೆ. ಕರೆದವರು ಬೇಡ ಎಂದ ಮೇಲೆ ಹೋಗಲೇಬೇಕು ಎಂದು ಪರ ತಂಡ ವಾದಿಸಬಹುದು. ಹೋಗಲು ತಿಂಗಳುಗಳೇ ಹಿಡಿಯುತ್ತವೆ ಎಂದು ವಿರೋಧಿಗಳು ತೋರಿಸಬಹುದು.

ಎರಡನೇ ಸುತ್ತಿನಲ್ಲಿ ದಿನಾಂಕದ ಕಟ್ಟು ಬಿಚ್ಚುತ್ತೇನೆ, ಪಕ್ಷಗಳನ್ನು ಅದಲು ಬದಲು ಮಾಡುತ್ತೇನೆ. 2007ರ ಕೊನೆಗೆ ಹಿಂಸೆ ಇಳಿಯಿತು. ಅದಕ್ಕೆ ಹೆಚ್ಚುವರಿ ಸೈನಿಕರಷ್ಟೇ ಕಾರಣ ಎನ್ನುವವರಿಗೆ ಎರಡು ಸಂಗತಿ ಎದುರು ಬರುತ್ತವೆ: ಅನ್ಬರ್ ಪ್ರಾಂತ್ಯದ ಬುಡಕಟ್ಟು ಮುಖಂಡರು ಅಲ್-ಖೈದಾ ವಿರುದ್ಧ ತಿರುಗಿದ್ದು 2006ರ ಸೆಪ್ಟೆಂಬರಿನಲ್ಲೇ, ಶಿಯಾ ಧರ್ಮಗುರು ಮುಕ್ತದಾ ಅಲ್-ಸದ್ರ್ ತನ್ನ ಪಡೆಗೆ ಸುಮ್ಮನಿರಲು ಹೇಳಿದ್ದು 2007ರ ಆಗಸ್ಟಿನಲ್ಲಿ. 2008ರ ನವೆಂಬರಿನಲ್ಲಿ ಬುಷ್ ಸರ್ಕಾರವೇ 2011ರ ಡಿಸೆಂಬರ್ 31ರ ಗಡುವಿಗೆ ಸಹಿ ಹಾಕಿತು. 2011ರಲ್ಲಿ ಸ್ವಲ್ಪ ಪಡೆ ಉಳಿಸಿಕೊಳ್ಳುವ ಮಾತುಕತೆ ಮುರಿದುಬಿದ್ದದ್ದು ಸೈನಿಕರಿಗೆ ಕಾನೂನು ರಕ್ಷಣೆ ಕೊಡುವ ವಿಷಯದಲ್ಲಿ. ಮೊದಲ ಸುತ್ತಿನ ಚೀಟಿಯ ಹಿಂಬದಿಯಲ್ಲಿದ್ದ 17ನೇ ಆದೇಶ ಇಲ್ಲಿ ಮತ್ತೆ ಮೇಲೆ ಬರುತ್ತದೆ.

2014ರ ಜೂನ್ 10ಕ್ಕೆ ಇರಾಕಿನ ಮೊಸುಲ್ ನಗರ ಐಸಿಸ್ ಕೈಗೆ ಬಿದ್ದದ್ದನ್ನು ವಿರೋಧಿಗಳು ತಂದೇ ತರುತ್ತಾರೆ. ಅದಕ್ಕೆ ಅಫ್ಘಾನಿಸ್ತಾನದ ಎರಡು ವಾಪಸಾತಿಗಳನ್ನು ಪಕ್ಕದಲ್ಲಿಟ್ಟು ಓದಿಸುತ್ತೇನೆ. ಸೋವಿಯತ್ ಸೇನೆ 1989ರ ಫೆಬ್ರುವರಿ 15ಕ್ಕೆ ಅಮು ದರ್ಯಾ ದಾಟಿ ಹೋಯಿತು. ನಜೀಬುಲ್ಲಾ ಸರ್ಕಾರ ಮೂರು ವರ್ಷ ನಿಂತು, ಮಾಸ್ಕೋದ ಹಣ, ಇಂಧನ ನಿಂತ ಮೇಲೆ 1992ರ ಏಪ್ರಿಲಿನಲ್ಲಿ ಉರುಳಿತು. 2021ರಲ್ಲಿ ಅಮೆರಿಕದ ಸೈನಿಕರ ಜೊತೆಗೇ ವಿಮಾನ ರಿಪೇರಿ ಮಾಡುತ್ತಿದ್ದ ಗುತ್ತಿಗೆದಾರರೂ ಹೊರಟರು; ಕೊನೆಯ ವಿಮಾನ ಏರುವ ಮೊದಲೇ, ಆಗಸ್ಟ್ 15ಕ್ಕೆ ಕಾಬೂಲ್ ಹೋಯಿತು. ಈ ಎರಡು ಸಾಲು ಓದಿದ ಮೇಲೆ ಎರಡೂ ತಂಡಗಳಿಗೆ ಒಂದೇ ಕೆಲಸ ಕೊಡುತ್ತೇನೆ: ಹೊರಡುವ ಸೇನೆಯ ಹಿಂದೆ ಏನೇನು ಉಳಿಯಬೇಕು, ಅದರ ಖರ್ಚು ಯಾರದು, ಎಷ್ಟು ವರ್ಷ ಎಂದು ಹತ್ತು ಸಾಲಿನಲ್ಲಿ ಬರೆಯಿರಿ. ಕೊನೆಯ ನಿಮಿಷದ ಭಾಷಣ ಆ ಹತ್ತು ಸಾಲಿನಿಂದಲೇ ಹುಟ್ಟಬೇಕು.