ಏರಿಗಿಂತ ಇಳಿಜಾರಿನ ಅಭ್ಯಾಸ ಮುಖ್ಯ: ಗುಡ್ಡದ ಅಲ್ಟ್ರಾಗೆ ನನ್ನ ತಾಲೀಮು

ಸಮತಟ್ಟು ರಸ್ತೆಯಲ್ಲಿ ಮ್ಯಾರಥಾನ್ ಓಡಿ ಅಭ್ಯಾಸವಿದ್ದವರು ಗುಡ್ಡದ ಅಲ್ಟ್ರಾಗೆ (ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ) ಹೆಸರು ಕೊಟ್ಟಮೇಲೆ ಮೊದಲು ಬಿಡಬೇಕಾದದ್ದು ‘ವಾರಕ್ಕೆ ಎಷ್ಟು ಕಿಲೋಮೀಟರ್’ ಎಂಬ ಲೆಕ್ಕ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟದಲ್ಲಿ 50 ಕಿ.ಮೀ. ಅಂದರೆ ಬರೀ 50 ಅಲ್ಲ. ಟ್ರೇಲ್ (ಕಾಡು, ಗುಡ್ಡದ ಕಚ್ಚಾ ದಾರಿ) ಓಟಗಾರರ ಲೆಕ್ಕದಲ್ಲಿ ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಸೇರುತ್ತದೆ. 50 ಕಿ.ಮೀ. ದಾರಿಯಲ್ಲಿ ಒಟ್ಟು 1,500 ಮೀಟರ್ ಏರಿದ್ದರೆ ಅದು 65ಕ್ಕೆ ಸಮ. ಹಾಗಾಗಿ ನನ್ನ ವಾರದ ಪಟ್ಟಿಯಲ್ಲಿರುವುದು ಎರಡೇ ಅಂಕಿ: ಒಟ್ಟು ಗಂಟೆ, ಒಟ್ಟು ಏರು.

ತಾಲೀಮಿಗೆ 16 ವಾರ ಬೇಕು. ಮೊದಲು ವಾರಕ್ಕೆ 5 ಗಂಟೆ, 400 ಮೀಟರ್ ಏರು; ಹನ್ನೆರಡನೇ ವಾರದ ಹೊತ್ತಿಗೆ 9 ಗಂಟೆ, 1,200 ಮೀಟರ್. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಪಾಲು ಕಡಿತ. ಶನಿವಾರ ಗುಡ್ಡದಲ್ಲಿ 3ರಿಂದ 5 ಗಂಟೆ, ಭಾನುವಾರ ಅದೇ ಸೋತ ಕಾಲಿನಲ್ಲಿ ಒಂದೂವರೆ ಗಂಟೆ ನಿಧಾನದ ಓಟ. ಆಫೀಸಿನ ದಿನಗಳ ಓಟವೆಲ್ಲ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಸಲೀಸು. ಇಲ್ಲಿ ಜೋರಾಗಿ ಓಡುವ ಚಪಲಕ್ಕೆ ಶನಿವಾರ ದಂಡ ಕಟ್ಟಬೇಕಾಗುತ್ತದೆ.

ಮೈಸೂರಿನವರಿಗೆ ಗುಡ್ಡ ಮನೆಬಾಗಿಲಲ್ಲೇ ಇದೆ. ಚಾಮುಂಡಿ ಬೆಟ್ಟದ 1,008 ಮೆಟ್ಟಿಲು ಒಮ್ಮೆ ಹತ್ತಿದರೆ ಸುಮಾರು 200ರಿಂದ 250 ಮೀಟರ್ ಏರು ಸಿಗುತ್ತದೆ. ಹತ್ತುವಾಗ ಓಡುವುದಿಲ್ಲ. ಕಡಿದಾದ ಏರಿನಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಓಟಕ್ಕಿಂತ ಬಿರುಸು ನಡಿಗೆಯೇ ಅಗ್ಗ. ವೇಗ ಹೆಚ್ಚುಕಮ್ಮಿ ಅಷ್ಟೇ, ಎದೆಬಡಿತ ಮಾತ್ರ ಕಡಿಮೆ. ಸೊಂಟದಿಂದ ಸ್ವಲ್ಪ ಮುಂದೆ ಬಾಗಿ, ಅಂಗೈ ಮಂಡಿಯ ತುಸು ಮೇಲಿಟ್ಟು, ಪ್ರತಿ ಹೆಜ್ಜೆಗೂ ತೊಡೆಯನ್ನು ಕೈಯಿಂದ ಒತ್ತುತ್ತಾ ಹತ್ತಬೇಕು. ಪೂರ್ತಿ ಪಾದ ಮೆಟ್ಟಿಲ ಮೇಲಿರಲಿ. ತುದಿಗಾಲಲ್ಲಿ ಹತ್ತಿದರೆ ನಂದಿ ವಿಗ್ರಹ ಬರುವಷ್ಟರಲ್ಲಿ ಮೀನಖಂಡ ಬಿಗಿಯುತ್ತದೆ. ಬೆಳಕು ಹರಿಯುವ ಮುಂಚೆಯೇ ಮುಗಿಸುವುದು ಒಳ್ಳೆಯದು. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ; ಇಬ್ಬನಿ ಬಿದ್ದರೆ ಆ ಕಲ್ಲು ಜಾರುತ್ತದೆ, ಅವರನ್ನು ದಾಟಿ ಓಡುವುದೂ ಚೆನ್ನಾಗಿ ಕಾಣದು. ಆಷಾಢ ಶುಕ್ರವಾರಗಳಂದು ಆ ಕಡೆ ತಲೆ ಹಾಕಲೇಬೇಡಿ. ಬಾಳೆಹಣ್ಣು ಕೈಯಲ್ಲಿದ್ದರೆ ಕೋತಿಗಳ ಪಾಲು.

ಅಸಲಿ ತಾಲೀಮು ಇಳಿಯುವುದರಲ್ಲಿದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಎಳೆಗಳು ಸೂಕ್ಷ್ಮವಾಗಿ ಹರಿಯುವುದು ಆಗಲೇ. ಶ್ವಾಸಕೋಶ ಗಟ್ಟಿ ಇದ್ದವರೂ 35ನೇ ಕಿಲೋಮೀಟರಿನ ನಂತರ ಇಳಿಜಾರಿನಲ್ಲಿ ಅಡ್ಡಡ್ಡ ನಡೆಯುವುದು ಇದರಿಂದಲೇ. ಕೆಲವು ವರ್ಷ ಏರುವ ದಿಕ್ಕಿಗೆ, ಕೆಲವು ವರ್ಷ ಇಳಿಯುವ ದಿಕ್ಕಿಗೆ ನಡೆಯುವ ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಅಲ್ಟ್ರಾ ಓಟದಲ್ಲೂ ಡರ್ಬನ್ ಕಡೆಗೆ ಇಳಿಯುವ ವರ್ಷವೇ ತೊಡೆಗೆ ಕಷ್ಟ ಎನ್ನುವವರಿದ್ದಾರೆ. ಸಮಾಧಾನವೆಂದರೆ, ಒಮ್ಮೆ ಹೀಗೆ ನೊಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಅದಕ್ಕೇ 10 ದಿನಕ್ಕೊಮ್ಮೆ ಡಾಂಬರು ರಸ್ತೆಯಲ್ಲಿ 3ರಿಂದ 4 ಕಿ.ಮೀ. ಉದ್ದಕ್ಕೂ ಬಿಡದೆ ಇಳಿಯುತ್ತೇನೆ. ಕೊನೆಯ ಜೋರಾದ ಇಳಿತ ಓಟಕ್ಕೆ ಎರಡೂವರೆ ವಾರ ಮುಂಚೆ. ನೋವು ಹೋಗಿರುತ್ತದೆ, ರಕ್ಷಣೆ ಉಳಿದಿರುತ್ತದೆ.

ಇಳಿಯುವಾಗ ಹೆಜ್ಜೆ ಗಿಡ್ಡ, ನಿಮಿಷಕ್ಕೆ 170ರಿಂದ 180. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಮೊದಲು ಊರುತ್ತದೆ, ಆ ಹೊಡೆತ ನೇರ ಮಂಡಿಗೆ. ಕಣ್ಣು ಕಾಲಬುಡದಲ್ಲಲ್ಲ, 3–4 ಮೀಟರ್ ಮುಂದೆ. ಮನೆಯಲ್ಲಿ ವಾರಕ್ಕೆರಡು ಸಲ 20 ಸೆಂಟಿಮೀಟರ್ ಎತ್ತರದ ಮಣೆಯ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು 4 ಸೆಕೆಂಡ್‌ನಲ್ಲಿ ನೆಲಕ್ಕೆ ತಾಗಿಸಿ ಮೇಲೇಳುವುದು: ಕಾಲಿಗೆ 8ರಂತೆ 3 ಸುತ್ತು. ಮಂಡಿ ಒಳಕ್ಕೆ ಬಾಗಿದರೆ ಮಣೆಯ ಎತ್ತರ ಇಳಿಸಿ.

ಇನ್ನು ಹೊಟ್ಟೆ. ಗಂಟೆಗೆ 50ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಎರಡು ಏಲಕ್ಕಿ ಬಾಳೆ ಮತ್ತು 30 ಗ್ರಾಂ ಬೆಲ್ಲ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಒಆರ್‌ಎಸ್ ಕುಡಿದರೆ ಸಾಕು ಅನ್ನುವವರು ಪ್ಯಾಕೆಟ್ ಓದಬೇಕು: ಡಬ್ಲ್ಯುಎಚ್‌ಒ ಸೂತ್ರದ ಒಂದು ಲೀಟರಿನಲ್ಲಿ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಸೋಡಿಯಂ ಮಾತ್ರ 1.7 ಗ್ರಾಂ ಇದೆ, ಉಪ್ಪಿಗೆ ಧಾರಾಳ. ನೀರಿನ ಲೆಕ್ಕಕ್ಕೆ ಒಂದು ಗಂಟೆ ಓಡುವ ಮುಂಚೆ ಮತ್ತು ನಂತರ ಬರಿಮೈಯಲ್ಲಿ ತೂಕ ನೋಡಿ. ಏನೂ ಕುಡಿಯದಿದ್ದರೆ ಇಳಿದ 1 ಕಿಲೋ ಅಂದರೆ ಸುಮಾರು 1 ಲೀಟರ್ ಬೆವರು. ಅದಷ್ಟನ್ನೂ ತುಂಬಿಸಲು ಹೋಗಬೇಡಿ, ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಉಂಗುರ ಬಿಗಿಯಾಗಿ, ತಲೆನೋವು, ವಾಕರಿಕೆ ಬಂದರೆ ನೀರು ಜಾಸ್ತಿಯಾಗಿ ರಕ್ತದ ಸೋಡಿಯಂ ಕುಸಿದಿರಬಹುದು. ಬರೀ ನೀರು ನಿಲ್ಲಿಸಿ ವೈದ್ಯಕೀಯ ಡೇರೆಗೆ ಹೋಗಿ. ಐಬುಪ್ರೊಫೆನ್ ನುಂಗಿ ಓಡುವುದಂತೂ ಬೇಡವೇ ಬೇಡ, ಮೊದಲೇ ಒತ್ತಡದಲ್ಲಿರುವ ಮೂತ್ರಪಿಂಡಕ್ಕೆ ಅದು ಕುತ್ತು.

ಶೂ ಅರ್ಧ ಸೈಜ್ ದೊಡ್ಡದಿರಲಿ, ಉಗುರು ನಾಲ್ಕು ದಿನ ಮುಂಚೆ ಕತ್ತರಿಸಿ. ಕೊನೆಯ ತೂತಿನಲ್ಲಿ ಲೇಸಿನ ಕುಣಿಕೆ ಮಾಡಿ ಹಿಮ್ಮಡಿ ಬಿಗಿದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಜಜ್ಜುವುದಿಲ್ಲ. ಒದ್ದೆ ಕಾಲಿಗೆ ಪೆಟ್ರೋಲಿಯಂ ಜೆಲ್ಲಿ, ಬ್ಯಾಗಿನಲ್ಲೊಂದು ಜೊತೆ ಒಣ ಕಾಲುಚೀಲ. ಮಳೆ ಹಿಂದೆಗೆದ ಹೊಸತರಲ್ಲಿ ತೋಟದಲ್ಲಿ ಇಂಬಳ ಇದ್ದೇ ಇರುತ್ತದೆ. ಕಿತ್ತೆಸೆಯುತ್ತಾ ನಿಂತರೆ ಇನ್ನೆರಡು ಹತ್ತುತ್ತವೆ. ಓಡುತ್ತಿರಿ, ನೀರು, ತಿನಿಸು ಕೊಡುವ ಮುಂದಿನ ನಿಲ್ದಾಣದಲ್ಲಿ ಉಗುರಿನಿಂದ ಮೀಟಿ ತೆಗೆಯಿರಿ.

ನಿಲ್ದಾಣಗಳಲ್ಲಿ ಸಮಯ ಸೋರುವುದು ಗೊತ್ತೇ ಆಗುವುದಿಲ್ಲ. ಎಂಟು ಕಡೆ ಆರಾರು ನಿಮಿಷ ನಿಂತರೆ 48 ನಿಮಿಷ. ಕಟ್‌ಆಫ್ (ಓಟ ಮುಗಿಸಲು ಕೊಟ್ಟ ಗಡುವು) ಹತ್ತಿರ ಓಡುವವರಿಗೆ ಪದಕ ಸಿಗುವುದೂ ತಪ್ಪುವುದೂ ಅದರಲ್ಲೇ. ಬಾಟಲಿ ತುಂಬಿಸಿಕೊಂಡು, ತಿನ್ನುವುದನ್ನು ಕೈಯಲ್ಲಿ ಹಿಡಿದು ಹೊರಡಿ. ಮುಂದಿನ ಏರಿನಲ್ಲಿ ಹೇಗೂ ನಡೆಯಲೇಬೇಕು, ತಿನ್ನಲು ಅಲ್ಲಿ ಬೇಕಾದಷ್ಟು ಹೊತ್ತಿದೆ.