ಹ್ಯಾಂಡ್ ಪ್ಯಾಲೆಟ್ ಟ್ರಕ್: ಎತ್ತುವುದು ಸುಲಭ, ನಿಲ್ಲಿಸುವುದೇ ಕಷ್ಟ

ಪೀಣ್ಯದ ಕಾರ್ಖಾನೆಗಳಲ್ಲಿ, ನೆಲಮಂಗಲದ ಗೋಡೌನ್‌ಗಳಲ್ಲಿ ಕೆಲಸಕ್ಕೆ ಸೇರಿದ ಹುಡುಗರ ಕೈಗೆ ಮೊದಲ ದಿನವೇ ಹ್ಯಾಂಡ್ ಪ್ಯಾಲೆಟ್ ಟ್ರಕ್, ಅಂದರೆ ಸರಕು ಹೇರಿದ ಹಲಗೆಯ ಅಡ್ಡೆಯನ್ನು (ಪ್ಯಾಲೆಟ್) ಎತ್ತಿ ಸಾಗಿಸುವ ಕೈಗಾಡಿ ಕೊಡುತ್ತಾರೆ. ‘ಪಂಪ್ ಹೊಡಿ, ಎಳಿ’ ಎಂಬಷ್ಟೇ ಪಾಠ. ಎರಡೂವರೆ ಟನ್‌ವರೆಗೆ ಎತ್ತುವ ಈ ಗಾಡಿಗೆ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

1. ಹವಾಯಿ ಚಪ್ಪಲಿ ಬಿಟ್ಟು ಸೇಫ್ಟಿ ಶೂ ಹಾಕಿ. ಎಣ್ಣೆ ಸೋರುತ್ತಿದೆಯೇ, ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡಿ.

2. ಭಾರ ಲೆಕ್ಕ ಹಾಕಿ. 50 ಕೆ.ಜಿ.ಯ ಇಪ್ಪತ್ತು ಸಿಮೆಂಟ್ ಮೂಟೆ ಎಂದರೆ ಒಂದು ಟನ್. ಗಾಡಿಯ ಪ್ಲೇಟ್ ಮೇಲಿರುವ ಸಾಮರ್ಥ್ಯದ ಅಂಕಿ, ಭಾರ ಎರಡೂ ಫೋರ್ಕ್‌ಗಳ (ಮುಂದೆ ಚಾಚಿದ ಉದ್ದನೆಯ ತೋಳುಗಳ) ಮೇಲೆ ಸಮನಾಗಿ ಕೂತಾಗ ಮಾತ್ರ ನಿಜ.

3. ಫೋರ್ಕ್ ಪ್ಯಾಲೆಟ್‌ನೊಳಗೆ ಪೂರ್ತಿ ಹೋಗಲಿ, ಆಚೆ ಬದಿಗೆ ಮಾತ್ರ ಚಾಚದಿರಲಿ. ಬಗ್ಗಿ ನೋಡಿ: ಮುಂದಿನ ಚಿಕ್ಕ ಚಕ್ರಗಳು ಪ್ಯಾಲೆಟ್‌ನ ಕೆಳಗಿನ ಹಲಗೆಯ ಮೇಲೆ ಕೂತಿದ್ದರೆ ಪಂಪ್ ಹೊಡೆದಾಗ ಹಲಗೆ ಮೊಳೆಸಮೇತ ಕಿತ್ತು ಬರುತ್ತದೆ. ಚಕ್ರ ಹಲಗೆಗಳ ನಡುವಿನ ಸಂದಿಯಲ್ಲಿ, ನೆಲದ ಮೇಲೇ ಇರಬೇಕು.

4. ಹ್ಯಾಂಡಲ್‌ನಲ್ಲಿರುವ ಲಿವರ್ ಕೆಳಗೆ ಒತ್ತಿ, ಹ್ಯಾಂಡಲನ್ನು ಮೇಲೆ ಕೆಳಗೆ ಆಡಿಸಿ ಪಂಪ್ ಮಾಡಿ. ಪ್ಯಾಲೆಟ್ ನೆಲ ಬಿಟ್ಟರೆ ಸಾಕು. ಹೆಚ್ಚು ಎತ್ತಿದಷ್ಟೂ ವಾಲುತ್ತದೆ. ಆಮೇಲೆ ಲಿವರ್ ನಡುವೆ ತನ್ನಿ.

5. ಅನಾಹುತ ಹೆಚ್ಚಾಗಿ ಆಗುವುದು ಇಲ್ಲೇ, ಗಾಡಿ ಚಲಿಸುವಾಗ. ಸಮತಟ್ಟು ನೆಲದಲ್ಲಿ ತಳ್ಳಿ, ಬೆನ್ನಿಗೆ ಒಳ್ಳೆಯದು. ಮುಂದೆ ಕಾಣದಷ್ಟು ಸರಕು ಎತ್ತರವಿದ್ದರೆ ಎಳೆಯಿರಿ, ಆದರೆ ಗಾಡಿಯ ನೇರ ಮುಂದೆ ನಡೆಯದೆ ಪಕ್ಕಕ್ಕೆ ಸರಿದು ನಡೆಯಿರಿ. ನೀವು ಗಕ್ಕನೆ ನಿಂತರೂ ಒಂದು ಟನ್ ಸಿಮೆಂಟ್ ನಿಲ್ಲುವುದಿಲ್ಲ, ಹಿಂಬಾಲಿಸಿ ಬಂದು ಹಿಮ್ಮಡಿಗೆ ಬಡಿಯುತ್ತದೆ. ನಿಲ್ಲಬೇಕಾದ ಜಾಗಕ್ಕೆ ಮೂರ್ನಾಲ್ಕು ಹೆಜ್ಜೆ ಮೊದಲೇ ನಿಧಾನಿಸಿ. ತಿರುವಿನಲ್ಲಿ ಹ್ಯಾಂಡಲ್ ಜಗ್ಗಬೇಡಿ.

ಇಳಿಜಾರು ಬಂದರೆ ನಿಯಮ ಒಂದೇ: ನೀವು ಸದಾ ಮೇಲ್ಗಡೆ, ಸರಕು ಕೆಳಗಡೆ. ಹತ್ತುವಾಗ ಮುಂದೆ ನಿಂತು ಎಳೆಯಿರಿ, ಇಳಿಯುವಾಗ ಸರಕನ್ನು ಮುಂದೆ ಬಿಟ್ಟು ಹಿಂದಿನಿಂದ ಹಿಡಿಯಿರಿ. ಕೆಳಗೆ ಯಾರೂ ಇರಬಾರದು. ಕೈ ಮೀರಿ ಜಾರಿದರೆ ಹ್ಯಾಂಡಲ್ ಬಿಟ್ಟು ಸರಿಯಿರಿ, ಅಡ್ಡ ನಿಲ್ಲಬೇಡಿ. ‘ಇಬ್ಬರು ಹಿಡಿದರೆ ಆಗುತ್ತೆ ಬಿಡಣ್ಣ’ ಎನ್ನುವವರ ಮಾತಿಗೆ ಓಗೊಡಬೇಡಿ. ನನ್ನನ್ನು ಕೇಳಿದರೆ, ತುಂಬಿದ ಗಾಡಿ ರ್‍ಯಾಂಪ್‌ಗೆ ಹೋಗಲೇಬಾರದು. ಮೂಟೆ ಇಳಿಸಿ, ಅರ್ಧರ್ಧ ಸಾಗಿಸಿ.

  

6. ಇಳಿಸುವ ಮೊದಲು ಎಲ್ಲರ ಪಾದ ಎಲ್ಲಿದೆ ನೋಡಿ. ಲಿವರನ್ನು ನಿಧಾನವಾಗಿ ಮೇಲೆತ್ತಿ.

7. ಕೆಲಸ ಮುಗಿದ ಮೇಲೆ ಫೋರ್ಕ್ ಪೂರ್ತಿ ಇಳಿಸಿ, ಓಡಾಡುವ ದಾರಿಯಿಂದ ಆಚೆ, ತುದಿ ಗೋಡೆಗೆ ಮುಖಮಾಡಿ ನಿಲ್ಲಿಸಿ.